ಮೇಷ್ಟ್ರು ಕೊಟ್ಟ ಹಬ್ಬುಗಿಡ

ತಮ್ಮ ಹೆಜ್ಜೆಯ ಸದ್ದು ಕೇಳಿದರೆ ಸಾಕು, ತಪ್ಪುಗಳು ಮೂಲೆ ಸೇರಿ ನಡುಗುತ್ತವೆ ಎಂದು ಅಲ್ಪವಿರಾಮರು ನಂಬಿದ್ದರು. ಸುಮ್ಮನೆ ನಂಬಿದ್ದಲ್ಲ. ಮೂವತ್ತೊಂದು ವರ್ಷ ಒಂದೇ ಮುದ್ರಣಾಲಯದಲ್ಲಿ, ಒಂದೇ ಕಿಟಕಿಯ ಕೆಳಗೆ, ಕಾಲು ಕುಂಟುವ ಒಂದೇ ಕುರ್ಚಿಯ ಮೇಲೆ ಕೂತು ಕರಡು ತಿದ್ದಿದ ಮನುಷ್ಯ ಅವರು. ಪಠ್ಯಪುಸ್ತಕ, ಔಷಧದ ಚೀಟಿ, ರೈಲಿನ ವೇಳಾಪಟ್ಟಿ, ಶೋಕಸಂದೇಶ, ಯಾವುದೂ ಅವರ ಕೆಂಪು ಪೆನ್ಸಿಲ್ಲಿಗೆ ತಲೆಬಾಗದೆ ಲೋಕಕ್ಕೆ ಕಾಲಿಟ್ಟಿರಲಿಲ್ಲ. ಒಮ್ಮೆ ಸಾವಿರದ ಇನ್ನೂರು ಪುಟದ ನಿಘಂಟೊಂದರಲ್ಲಿ ತಲೆಕೆಳಗಾಗಿ ಕೂತಿದ್ದ ಒಂದೇ ಒಂದು ಅಲ್ಪವಿರಾಮವನ್ನು ಹಿಡಿದು, ಓಡುತ್ತಿದ್ದ ಯಂತ್ರವನ್ನೇ ನಿಲ್ಲಿಸಿಬಿಟ್ಟಿದ್ದರು. ಆವತ್ತಿನಿಂದ ಅವರ ಜೀವದ ಗೆಳೆಯ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಅವರನ್ನು ಸ್ವಂತ ಹೆಸರಿನಿಂದ ಕರೆಯುವುದನ್ನು ಬಿಟ್ಟರು. ಮೇಷ್ಟ್ರ ಹಿಂದೆಯೇ ಇಡೀ ಬೀದಿ ಬಿಟ್ಟಿತು.

ಮುದ್ರಣಾಲಯಕ್ಕೆ ಹೊಸಬರು ಬಂದರೆ ಅಲ್ಪವಿರಾಮರು ಮೊದಲ ದಿನವೇ ಅವರಿಗೆ ಎರಡು ಮಾತು ಹೇಳಿಕೊಡುತ್ತಿದ್ದರು. ಒಂದೇ ಹೆಸರು ಮೂರು ರೀತಿ ಅಚ್ಚಾಗಿದ್ದು, ಕೇಳೋಣವೆಂದರೆ ಲೇಖಕರು ಕೈಗೆ ಸಿಗದಿದ್ದರೆ, ಎಣಿಸಿ. ಹೆಚ್ಚು ಸಲ ಬಂದದ್ದೇ ಸರಿ. ಮತ್ತು, ಹಾಳೆಯ ಹಿಂಬದಿ ತಿರುಗಿಸದೆ ಯಾವ ಕಾಗದಕ್ಕೂ 'ನೋಡಿದೆ' ಎಂದು ಬರೆದು ಸಹಿ ಹಾಕಬೇಡಿ. ಈ ಎರಡನೆಯ ಮಾತನ್ನು ಮೇಷ್ಟ್ರು ಮೂಗಿನಲ್ಲಿ ಹೇಳಿ ಅಣಕಿಸಿ, ಸ್ವತಃ ಅಲ್ಪವಿರಾಮರನ್ನೂ ನಗಿಸುತ್ತಿದ್ದರು.

ಆ ಮೇಷ್ಟ್ರು ಹೋಗಿ ನಾಲ್ಕು ತಿಂಗಳಾಗಿತ್ತು.

ಗುರುವಾರ ಬೆಳಿಗ್ಗೆ ಮೇಷ್ಟ್ರ ಹೆಂಡತಿಯ ಫೋನು ಬಂತು. ಆಕೆ ಊರಿನ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ಪಡೆಯುವ ಮೇಜಿನ ಹಿಂದೆ ಅರ್ಧ ಆಯಸ್ಸು ಕಳೆದವರು, ಎಲ್ಲರಿಗೂ ಲೈಬ್ರರಿಯಮ್ಮ. ಸೋಮವಾರ ಮನೆ ಖಾಲಿ ಮಾಡುತ್ತಿದ್ದಾರಂತೆ. ಹೊಸ ಮನೆ ಮೂರನೆಯ ಮಹಡಿಯಲ್ಲಿದೆಯಂತೆ, ಗಿಡಕ್ಕೆ ಅಂತ ಇರುವುದು ಕಿಟಕಿಯ ಕಟ್ಟೆಯೊಂದೇ.

"ಅವರು ನಿಮಗೆ ಕೊಟ್ಟಿದ್ರಲ್ಲಾ ಅಣ್ಣ, ನೆಲದ ಮೇಲೆ ಹಬ್ಬೋ ಗಿಡ. ಅದರಲ್ಲಿ ಒಂದು ಕುಂಡದಷ್ಟು ಸಿಗುತ್ತಾ? ಭಾನುವಾರ ಬಂದು ತಗೊಂಡು ಹೋಗ್ತೀನಿ."

ಇಲ್ಲಿ ಅಲ್ಪವಿರಾಮರು 'ಆಯಿತಮ್ಮಾ' ಎಂದು ಫೋನು ಕೆಳಗಿಟ್ಟಿದ್ದರೆ ಈ ಕಥೆಗೆ ಕೈಕಾಲು ಮೂಡುತ್ತಿರಲಿಲ್ಲ.

"ಕುಂಡ ಯಾಕೆ ತಂಗಿ, ಒಂದು ಚಾಪೆಯಷ್ಟು ಕೊಡ್ತೀನಿ. ಅವನು ಕೊಟ್ಟದ್ದು ಒಂದೆಲೆ ಕೂಡ ಆಚೀಚೆ ಆಗಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ್ರೂ ಗುರುತು ಹಿಡೀತೀನಿ."

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಅಲ್ಪವಿರಾಮರ ಹೆಂಡತಿ ಬೀದಿಗೆಲ್ಲ ಬಟ್ಟೆ ಹೊಲಿದು ಕೊಡುವವರು. ಅವರ ಯಂತ್ರ ನಡುವೆ ನಿಂತಿತೆಂದರೆ ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಂತೆ.

"ನೀವು ಹಿತ್ತಲಿಗೆ ಕಾಲಿಟ್ಟು ಎಷ್ಟು ದಿನ ಆಯ್ತು?" ಎಂದು ಕೇಳಿದರು.

ಅಲ್ಪವಿರಾಮರು ಸೂರು ನೋಡಿದರು. ಗಿಡವೆಂದ ಮೇಲೆ ತನ್ನ ಪಾಡಿಗೆ ತಾನು ಬೆಳೆಯುತ್ತದೆ, ದಿನಾ ಹೋಗಿ ದರ್ಶನ ಕೊಡಬೇಕಾಗಿಲ್ಲ ಎಂಬ ಅರ್ಥದಲ್ಲಿ ಏನೋ ಗೊಣಗಿದರು.

"ನಾಲ್ಕು ತಿಂಗಳು," ಎಂದರು ಹೆಂಡತಿ. ಯಂತ್ರ ಮತ್ತೆ ಹೊರಟಿತು.

ನಾಲ್ಕಲ್ಲ, ಐದು. ಅದು ಅಲ್ಪವಿರಾಮರಿಗೊಬ್ಬರಿಗೇ ಗೊತ್ತಿತ್ತು.

ಆ ಗಿಡ ಬಂದದ್ದು ಎರಡು ವರ್ಷದ ಹಿಂದೆ, ಅವರು ನಿವೃತ್ತರಾದ ದಿನ. ಮುದ್ರಣಾಲಯದವರು ಗಡಿಯಾರ ಕೊಟ್ಟರು. ಗಂಟೆ ಹೊಡೆಯುವಾಗ ಒಂದು ಹೊಡೆತ ಕಡಿಮೆ ಹೊಡೆಯುವ ಗಡಿಯಾರ. ಮೇಷ್ಟ್ರು ಮಾತ್ರ ಹಿಡಿಕೆ ಮುರಿದ ಒಂದು ಟೀ ಕಪ್ಪಿನಲ್ಲಿ, ಒದ್ದೆ ಪೇಪರು ಸುತ್ತಿದ ಹಿಡಿ ಮಣ್ಣಿನೊಡನೆ, ಈ ಹಸಿರನ್ನು ತಂದು ಎರಡೂ ಕೈಯಲ್ಲಿ ಒಪ್ಪಿಸಿದರು. ಜೊತೆಗೊಂದು ಕಾರ್ಡು; ಅದರ ಮೇಲೆ ಅವರೇ ಬಿಡಿಸಿದ ಚಿತ್ರ. ಇದು ಎಲ್ಲೆಲ್ಲೋ ಸಿಗುವಂಥದ್ದಲ್ಲ, ಹುಡುಕಿದರೂ ಸಿಗುವಂಥದ್ದಲ್ಲ, ಜೋಪಾನ ಎಂದು ಗಂಭೀರವಾಗಿ ಹೇಳಿದರು. ಅಲ್ಪವಿರಾಮರು ಅದನ್ನು ತಾವು ಓದುವ ಕೋಣೆಯ ಕಿಟಕಿಯ ಕೆಳಗೆ ನೆಟ್ಟರು.

ಅಂದಿನಿಂದ ಪ್ರತಿ ಭಾನುವಾರ ಮೇಷ್ಟ್ರು ಬಂದು ಗಿಡ ನೋಡಿಕೊಂಡೇ ಟೀ ಕುಡಿಯುತ್ತಿದ್ದರು. ಅಲ್ಪವಿರಾಮರು ಕಿಟಕಿಯ ಕೆಳಗಿನದಕ್ಕೆ ಹನಿಹನಿಯಾಗಿ ನೀರುಣಿಸುತ್ತ, ಅಲ್ಲಿಂದ ಹತ್ತು ಹೆಜ್ಜೆ ದೂರದ ನಲ್ಲಿಯ ಪಕ್ಕ ಮೊದಲಿನಿಂದಲೂ ಹಬ್ಬಿಕೊಂಡಿದ್ದ ಕಳೆಯನ್ನು ನಿರ್ದಾಕ್ಷಿಣ್ಯವಾಗಿ ಕೀಳುತ್ತಿದ್ದರು. ಕೀಳುವಾಗ ಕಳೆಗೂ ಗಿಡಕ್ಕೂ ಇರುವ ವ್ಯತ್ಯಾಸದ ಮೇಲೆ ಒಂದು ಸಣ್ಣ ಉಪನ್ಯಾಸವನ್ನೂ ಕೊಡುತ್ತಿದ್ದರು. ಮೇಷ್ಟ್ರು ಮುಖಕ್ಕೆ ಕರವಸ್ತ್ರ ಒತ್ತಿ ಕೆಮ್ಮುತ್ತಿದ್ದರು. ಆ ಕೆಮ್ಮನ್ನು ನೆನೆದೇ ಅಲ್ಪವಿರಾಮರು ಆಮೇಲೆ ಎಷ್ಟೋ ರಾತ್ರಿ ನಿದ್ದೆಗೆಟ್ಟರು. ಕಾಯಿಲೆ ಆಗಲೇ ಶುರುವಾಗಿತ್ತೋ ಏನೋ, ತಾನು ಗಮನಿಸಲಿಲ್ಲ ಎಂದು.

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಮೇಷ್ಟ್ರು ಹೆಚ್ಚು ಮಾತಾಡಲಿಲ್ಲ. ದಿಂಬಿನ ಮೇಲೆ ತಲೆ ಹೊರಳಿಸಿ, "ನನ್ನ ಗಿಡ ಹೇಗಿದೆಯೋ?" ಎಂದರು.

ಅಲ್ಪವಿರಾಮರು ಆಗಲೇ ಒಂದು ತಿಂಗಳಿನಿಂದ ಹಿತ್ತಲ ಬಾಗಿಲು ತೆರೆದಿರಲಿಲ್ಲ. ಆಸ್ಪತ್ರೆ, ಮನೆ, ಆಸ್ಪತ್ರೆ ಅಷ್ಟೇ. ಆದರೂ ಮುಖ ಅರಳಿಸಿ, "ಚೆನ್ನಾಗಿದೆ, ಇವತ್ತು ಬೆಳಿಗ್ಗೆ ತಾನೇ ನೋಡಿ ಬಂದೆ," ಎಂದರು.

ಇಡೀ ಜೀವಮಾನದಲ್ಲಿ ನೋಡದೆ 'ನೋಡಿದೆ' ಎಂದದ್ದು ಅದೊಂದೇ ಸಲ. ಅದೂ ಆ ಮನುಷ್ಯನಿಗೆ. ಆಮೇಲೆ ಹಿತ್ತಲಿಗೆ ಹೋಗಲು ಕಾಲೇ ಬರಲಿಲ್ಲ.

ಈಗ ಹೋಗಲೇಬೇಕಾಯಿತು. ಬಾಗಿಲ ಅಗುಳಿ ತುಕ್ಕು ಹಿಡಿದು ಮುನಿಸಿಕೊಂಡಿತ್ತು. ಎರಡು ಗುದ್ದಿಗೆ ಬಗ್ಗಿತು. ಹೊರಗೆ ಕಾಲಿಟ್ಟ ಅಲ್ಪವಿರಾಮರು ಮೆಟ್ಟಿಲ ಮೇಲೆಯೇ ನಿಂತರು. ಕಿಟಕಿಯಿಂದ ನಲ್ಲಿಯವರೆಗೆ, ನಲ್ಲಿಯಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಒಂದೇ ಹಸಿರು. ಎಲ್ಲಿ ಮೇಷ್ಟ್ರ ಗಿಡ ಮುಗಿಯಿತು, ಎಲ್ಲಿ ನಲ್ಲಿಯ ಕಳೆ ಶುರುವಾಯಿತು, ಆ ದೇವರಿಗೇ ಗೊತ್ತು. ನಾಲ್ಕೈದು ತಿಂಗಳು ಕೀಳುವವರಿಲ್ಲದ ಕಳೆ ಕಿಟಕಿಯತ್ತ ಬಂದಿತ್ತು, ಗಿಡ ಎದುರಾಗಿ ಹೋಗಿತ್ತು, ನಡುವೆ ಎಲ್ಲೋ ಎರಡೂ ಕೈಕೈ ಹಿಡಿದುಕೊಂಡಿದ್ದವು.

ಭೂತಗನ್ನಡಿ ಹಿಡಿದು ಮೊಣಕಾಲೂರಿ ನೋಡಿದರೆ ಎದೆ ಇನ್ನೂ ಕುಸಿಯಿತು. ಎರಡಲ್ಲ, ಮೂರು ಜಾತಿ. ಮೂರೂ ಗುಂಡೆಲೆ, ಮೂರೂ ಅಂಗಿಯ ಗುಂಡಿಯಷ್ಟು ಅಗಲ, ಮೂರೂ ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಿ ಗೆಣ್ಣುಗೆಣ್ಣಿಗೆ ಬೇರು ಬಿಡುವಂಥವು. ಒಂದರ ಅಂಚು ಗರಗಸ. ಒಂದರ ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ನುಣುಪು. ಇನ್ನೊಂದಕ್ಕೆ ತೊಟ್ಟು ಅಂಚಿನಲ್ಲಿ ಸೇರದೆ ಎಲೆಯ ನಟ್ಟನಡುವೆ ಸೇರಿತ್ತು, ಬಿಚ್ಚಿದ ಕೊಡೆಗೆ ಕೋಲು ಸೇರಿದ ಹಾಗೆ.

ಹೆಂಡತಿಯನ್ನು ಕರೆದರು. ಆಕೆ ಮೂರರಿಂದಲೂ ಒಂದೊಂದು ಎಲೆ ಕಿತ್ತು ಹಿಸುಕಿ ಮೂಸಿ, ಒಂದೆಲಗವಂತೂ ಯಾವುದೂ ಅಲ್ಲ, ಆ ವಾಸನೆಯಿಲ್ಲ ಎಂದರು. ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಎಲೆಗಳ ಬೆನ್ನು ಸವರಿದರು. ನುಣುಪಿನದಕ್ಕೆ ಬೆನ್ನಲ್ಲಿ ಮಖಮಲ್ಲಿನಂಥ ರೋಮ, ಗರಗಸದ್ದು ಒರಟು ಹತ್ತಿ, ಕೊಡೆಯದ್ದು ಎಣ್ಣೆ ಹಚ್ಚಿದ ರೇಷ್ಮೆ.

"ಹಾಗಾದ್ರೆ ಅವನ ಗಿಡ ಯಾವುದು?"

"ಮೂರು ಬೇರೆ ಬೇರೆ ಬಟ್ಟೆ ಅಂತ ನಾನು ಹೇಳ್ತೀನಿ. ನಿಮ್ಮ ಸ್ನೇಹಿತರ ಅಂಗಿ ಯಾವ ಬಟ್ಟೇದು ಅಂತ ನನ್ನ ಕೇಳಿದ್ರೆ? ಎರಡು ವರ್ಷ ನೀರು ಹಾಕಿದ್ದು ನೀವು."

ಹಾಕಿದ್ದೇನೋ ನಿಜ. ಆದರೆ ಆ ಭಾನುವಾರಗಳನ್ನೆಲ್ಲ ಒಂದೊಂದಾಗಿ ನೆನೆದರೆ ಕಣ್ಣಿಗೆ ಬರುತ್ತಿದ್ದುದು ಎಲೆಯಲ್ಲ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಉಳಿದ ಮೇಷ್ಟ್ರ ಕೈ, ಬಿಸಿ ಟೀಗೆ ಸೊಟ್ಟಗಾಗುವ ತುಟಿ, ಕರವಸ್ತ್ರ. ಎಲೆ ಗರಗಸವಿತ್ತೋ ನುಣುಪಿತ್ತೋ, ನೋಡಿದ್ದರೆ ತಾನೇ ನೆನಪಾಗುವುದು! ಫೋನಿನಲ್ಲಿ ಹುಡುಕಿದರು. ಗಿಡದ ಬಳಿ ನಿಂತ ಮೇಷ್ಟ್ರ ಫೋಟೋ ಒಂದೇ ಒಂದು ಸಿಕ್ಕಿತು. ಅದರಲ್ಲಿ ಮೇಷ್ಟ್ರು ಗಿಡದ ಪಕ್ಕದಲ್ಲಿ ನಿಂತಿರಲಿಲ್ಲ, ಗಿಡದ ಮೇಲೆಯೇ ನಿಂತಿದ್ದರು. ಅವರ ಚಪ್ಪಲಿಯ ಸುತ್ತ ಒಂದಿಷ್ಟು ಹಸಿರು ಮಸುಕು, ಅಷ್ಟೇ.

ಶುಕ್ರವಾರ ಅಲ್ಪವಿರಾಮರು ಹಲ್ಲು ಕಚ್ಚಿ ಎದ್ದರು. ಒಂದೇ ಹೆಸರು ಮೂರು ರೀತಿ ಅಚ್ಚಾಗಿತ್ತು. ಲೇಖಕರು ಕೈಗೆ ಸಿಗುವಂತಿರಲಿಲ್ಲ. ಉಳಿದ ದಾರಿ ಒಂದೇ. ನಾಲ್ಕು ಮೊಳೆ ಹೊಡೆದು, ಹೆಂಡತಿಯ ದಾರದುಂಡೆಯಿಂದ ಕಿಟಕಿಯ ಕೆಳಗೆ ಒಂದು ಚೌಕ ಕಟ್ಟಿ, ಅದರೊಳಗೆ ಮುಖವಿಟ್ಟು ಎಲೆ ಎಣಿಸಲು ಕೂತರು. ಇನ್ನೂರ ಮೂವತ್ತಕ್ಕೆ ಬಂದಾಗ ಹೆಂಡತಿ ಕಿಟಕಿಯಿಂದ ತಲೆ ಹಾಕಿ, ಟೀ ಬೇಕಾ ಎಂದು ಕೇಳಿದ್ದರಿಂದ ಮತ್ತೆ ಒಂದರಿಂದ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ತೀರ್ಪು ಸಿದ್ಧವಾಯಿತು: ನುಣುಪಿನವು ನಾನ್ನೂರ ಹನ್ನೆರಡು, ಗರಗಸ ಇನ್ನೂರ ಅರವತ್ತು, ಕೊಡೆ ತೊಂಬತ್ತೊಂಬತ್ತು. ಬಹುಮತ ಮಖಮಲ್ಲಿಗೆ. ಮೇಷ್ಟ್ರ ಗಿಡ ಅದೇ.

ಅಲ್ಪವಿರಾಮರು ತಪ್ಪು ಕಂಡ ಮೇಲೆ ಅರ್ಧಕ್ಕೆ ಬಿಡುವವರಲ್ಲ. ಸಂಜೆಯವರೆಗೆ ಬಗ್ಗಿಕೊಂಡು, ಗರಗಸ ಮತ್ತು ಕೊಡೆಗಳನ್ನು ಬೇರುಸಹಿತ, ಬೇರಿನ ಬಾಲಸಹಿತ ಕಿತ್ತರು. ನಲ್ಲಿಯ ಪಕ್ಕದ್ದನ್ನಂತೂ ಗುರುತು ಕೂಡ ಉಳಿಯದಂತೆ ಕೆರೆದುಬಿಟ್ಟರು. ಎರಡು ಚೀಲ ತುಂಬಿತು. ಶನಿವಾರ ಬೆಳಿಗ್ಗೆ ಏಳಕ್ಕೆ ಕಸದ ಲಾರಿ ಬಂತು, ಚೀಲ ಹೋಯಿತು. ಅಲ್ಪವಿರಾಮರು ನೆಟ್ಟಗಾಗದ ಬೆನ್ನನ್ನು ಗೋಡೆಗೆ ಆನಿಸಿ, ವಾರದಲ್ಲೇ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟರು.

ಆ ಉಸಿರು ಪೂರ್ತಿ ಹೊರಗೆ ಬರಲಿಲ್ಲ. ಕುಂಡಕ್ಕೆ ಸಿಕ್ಕಿಸಲು ಒಂದು ಚೆಂದದ ಚೀಟಿ ಬರೆಯೋಣವೆನ್ನಿಸಿತು. ಚೀಟಿಯಲ್ಲಿ ಬರೆಯಬೇಕೆಂದಿದ್ದ ಪದವೊಂದರ ಮೇಲೆ ಸಣ್ಣ ಅನುಮಾನ ಬಂದು ನಿಘಂಟು ತೆರೆದರು. ತೆರೆದ ಪುಟದಲ್ಲಿ ಕಾರ್ಡು ಮಲಗಿತ್ತು. ನಿವೃತ್ತಿಯ ದಿನದ್ದು, ಎರಡು ವರ್ಷದಿಂದ ಪುಟದ ಗುರುತಾಗಿ ಅಲ್ಲೇ ಉಳಿದದ್ದು. ಕೆಳಗೆ ಮೇಷ್ಟ್ರ ಓರೆ ಅಕ್ಷರದಲ್ಲಿ 'ಅಲ್ಪವಿರಾಮನಿಗೆ'. ಮೇಲೆ, ಹಸಿರು ಶಾಯಿಯಲ್ಲಿ, ನರನರವೂ ಕಾಣುವ ಹಾಗೆ ಬಿಡಿಸಿದ ಒಂದೇ ಒಂದು ಎಲೆ.

ಅಂಚು ಗರಗಸ.

ಭೂತಗನ್ನಡಿ ಇಟ್ಟು ಹಲ್ಲು ಎಣಿಸಿದರು. ಹದಿನಾಲ್ಕು. ಕಾರ್ಡನ್ನು ಬೆಳಕಿಗೆ ಹಿಡಿದು ಮತ್ತೆ ಎಣಿಸಿದರು. ಹದಿನಾಲ್ಕೇ.

ಆಮೇಲೆ ಬೀದಿಯವರು ಕಂಡದ್ದು ಹೀಗೆ: ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು ಬರಿ, ಕೈಯಲ್ಲಿ ಭೂತಗನ್ನಡಿ, ಅರವತ್ತು ದಾಟಿದ ಗೌರವಸ್ಥರೊಬ್ಬರು ಕಸದ ಲಾರಿಯ ಹಿಂದೆ ಮೂರು ಬೀದಿ ಓಡಿದರು. ಲಾರಿ ಸಿಕ್ಕಿತು. ಲಾರಿಯಾತ ಒಳ್ಳೆಯ ಮನುಷ್ಯ. ನಿಮ್ಮ ಚೀಲ ಅಡಿಯಲ್ಲಿದೆ, ಮೇಲೆ ಮೂರು ಬೀದಿಯ ಕಸವಿದೆ, ಹತ್ತಿ ಹುಡುಕುವುದಾದರೆ ಹುಡುಕಿಕೊಳ್ಳಿ, ಐದು ನಿಮಿಷ ನಿಲ್ಲಿಸುತ್ತೇನೆ ಎಂದ. ಅಲ್ಪವಿರಾಮರು ಚಕ್ರದ ಮೇಲೆ ಕಾಲಿಟ್ಟು ಒಮ್ಮೆ ಒಳಗೆ ಇಣುಕಿದರು. ಇಣುಕಿ, ನಿಧಾನವಾಗಿ ಇಳಿದು, ಅವನಿಗೆ ಕೈಮುಗಿದು ಮನೆಗೆ ಬಂದರು.

ಮುಂದಿನದು ನರ್ಸರಿ. ಅಲ್ಲಿಯ ತೋಟಗಾರ ಕಾರ್ಡನ್ನು ತಿರುವದೆ, ಮೂಗಿನ ಹತ್ತಿರ ಹಿಡಿದು ನೋಡಿ, ನಿಟ್ಟುಸಿರು ಬಿಟ್ಟ. ಇದನ್ನು ಕಿತ್ತೆಸೆಯುವುದಕ್ಕೇ ತನ್ನಲ್ಲಿ ಇಬ್ಬರು ಕೆಲಸಕ್ಕಿದ್ದಾರೆ ಎಂದ. ಹುಡುಕಿದರೂ ಸಿಗದ ಅಪರೂಪದ ಗಿಡವಂತಲ್ಲವೇ ಎಂದು ಅಲ್ಪವಿರಾಮರು ಕ್ಷೀಣವಾಗಿ ಕೇಳಿದರು.

"ನೀರು ಸೋರೋ ಕಡೆ ಹೋಗಿ ನೋಡಿ ಸ್ವಾಮಿ. ಹೈಸ್ಕೂಲ್ ಗೇಟಿನ ಹತ್ತಿರ ಪೈಪು ಒಡೆದಿದೆ. ಅಲ್ಲಿ ಎಮ್ಮೆ ಮಲಗೋವಷ್ಟು ಹಬ್ಬಿದೆ. ಆದರೆ ಎಲೆ ನೋಡಿ ಮೋಸಹೋಗಬೇಡಿ, ಅದರ ಜೊತೇಲಿ ಇನ್ನೆರಡು ಇರ್ತವೆ. ಮೂರೂ ಒಂದನ್ನೊಂದು ಬಿಟ್ಟಿರಲ್ಲ."

ಅಪರೂಪದ್ದು ಹೀಗೆ ಬೀದಿಪಾಲಾದದ್ದು ಹೇಗೆ ಎಂದು ಯೋಚಿಸಲು ಅಲ್ಪವಿರಾಮರಿಗೆ ಪುರುಸೊತ್ತಿರಲಿಲ್ಲ. ಲೈಬ್ರರಿಯಮ್ಮ ಬರಲು ಉಳಿದದ್ದು ಒಂದು ದಿನವೂ ಇಲ್ಲ. ಹೆಂಡತಿಯನ್ನು ಹೊರಡಿಸಿದರು. ಆಕೆ ಅರ್ಧ ಹೊಲಿದ ತೋಳನ್ನು ಬದಿಗಿಟ್ಟು, ಒಂದು ಚಮಚ ಮತ್ತು ಡಬ್ಬಿ ಹಿಡಿದು ಜೊತೆಗೆ ನಡೆದರು.

ಹೈಸ್ಕೂಲಿಗೆ ರಜೆ. ಗೇಟಿಗೆ ಬೀಗ. ಒಡೆದ ಪೈಪಿನಿಂದ ನೀರು ತೊಟ್ಟಿಕ್ಕುವಲ್ಲಿ, ಹೇಳಿದಂತೆಯೇ, ಗುಂಡೆಲೆಯ ಹಸಿರು ಹಾಸಿತ್ತು. ಅಲ್ಪವಿರಾಮರು ರಸ್ತೆಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು ಚಮಚದಿಂದ ಅಗೆಯತೊಡಗಿದರು. ಅಗೆದು ಎತ್ತಿ ಹಿಡಿದರೆ, ಹೆಂಡತಿ ಎಲೆಯ ಬೆನ್ನು ಸವರಿ ತೀರ್ಪು ಕೊಡುವರು: ಮಖಮಲ್ಲು, ಬೇಡ. ರೇಷ್ಮೆ, ಬೇಡ. ಹತ್ತಿ, ಹಾಕಿ. ನಡುವೆ ಒಮ್ಮೆ ತಲೆಯೆತ್ತಿದಾಗ ಗೇಟಿನ ಆಚೆ, ಎರಡನೆಯ ಕಟ್ಟಡದ ಮೂಲೆಯ ಕೋಣೆ ಕಂಡಿತು. ಡ್ರಾಯಿಂಗ್ ಕೋಣೆ. ಕಿಟಕಿಯ ಗಾಜಿಗೆ ಯಾವುದೋ ಮಗು ಅಂಟಿಸಿದ್ದ ಕಾಗದದ ಮೀನು ಬಿಸಿಲಿಗೆ ಬಿಳಿಚಿಕೊಂಡಿತ್ತು. ಅಲ್ಪವಿರಾಮರ ಚಮಚ ನಿಂತಿತು. ಹೆಂಡತಿ ಸ್ವಲ್ಪ ಹೊತ್ತು ಕಾದು, ಅವರ ಕೈಯಿಂದ ಚಮಚ ತೆಗೆದುಕೊಂಡು ಉಳಿದದ್ದನ್ನು ತಾವೇ ಅಗೆದರು.

ಕಿಟಕಿಯ ಕೆಳಗೆ, ಉಳಿದಿದ್ದ ಮಖಮಲ್ಲಿನ ನಡುವೆ ಜಾಗ ಮಾಡಿ ಹೊಸ ಗಿಡ ನೆಟ್ಟು, ಸುತ್ತ ಮಣ್ಣು ಹಳೆಯದರಂತೆ ಕಾಣಲೆಂದು ಒಣ ಎಲೆ ಉದುರಿಸಿದ್ದಾಯಿತು. ಭಾನುವಾರ ಬೆಳಿಗ್ಗೆ ನೋಡಿದರೆ ಗರಗಸಗಳೆಲ್ಲ ತಲೆ ಜೋಲಿಸಿ ಸೋತು ಮಲಗಿವೆ. ಅಲ್ಪವಿರಾಮರ ಮುಖವೂ ಅದೇ ಆಕಾರಕ್ಕೆ ಬಂತು. ಕುರ್ಚಿ ತಂದರು, ಅದರ ಬೆನ್ನಿಗೆ ತಮ್ಮ ಕಪ್ಪು ಕೊಡೆ ಬಿಚ್ಚಿ ಕಟ್ಟಿ ನೆರಳು ಮಾಡಿದರು. ಲೋಟದಲ್ಲಿ ನೀರು ತಂದು, ಒಂದೊಂದು ಎಲೆಯನ್ನೂ ಬೆರಳಿನಿಂದ ಎತ್ತಿ ನಿಲ್ಲಿಸಲು ನೋಡಿದರು. ನಿಲ್ಲಲಿಲ್ಲ.

"ಏನಂತ ಹೇಳಲಿ ಅವಳಿಗೆ?" ಎಂದು ಹೆಂಡತಿಯನ್ನು ಕೇಳಿದರು.

"ಅದು ನಿಮಗೆ ಬಿಟ್ಟಿದ್ದು. ನಾನು ಅಡುಗೆಮನೆಯಲ್ಲಿರ್ತೀನಿ. ಆದ್ರೆ ಬಾಗಿಲು ತೆಗೆದೇ ಇಟ್ಟಿರ್ತೀನಿ, ಕೇಳಿಸಲಿ."

ಹತ್ತು ಗಂಟೆಗೆ ಲೈಬ್ರರಿಯಮ್ಮ ಬಂದರು. ಮೊದಲಿಗಿಂತ ಸಣ್ಣಗಾಗಿದ್ದರು. ಕಂಕುಳಲ್ಲಿ ಒಂದು ಖಾಲಿ ಮಣ್ಣಿನ ಕುಂಡ. ನೇರ ಹಿತ್ತಲಿಗೆ ನಡೆದು, ಕೊಡೆಯ ಕೆಳಗೆ ರಾಜಮರ್ಯಾದೆಯಿಂದ ಬಾಡಿ ಮಲಗಿದ್ದ ಗಿಡವನ್ನು ನೋಡಿದರು. ನಲ್ಲಿಯ ಪಕ್ಕದ ಬೋಳು ನೆಲ ನೋಡಿದರು. ಅಲ್ಪವಿರಾಮರ ಉಗುರಿನ ಮಣ್ಣು ನೋಡಿದರು.

"ಇದೇನಾ ಅಣ್ಣ, ಅವರು ಕೊಟ್ಟದ್ದು?"

'ಇದೇ' ಎನ್ನಲು ಎರಡೇ ಅಕ್ಷರ ಸಾಕಿತ್ತು. ಅವರು ಬೆಳಗಿನಿಂದ ಹತ್ತು ಸಲ ಉರು ಹೊಡೆದು ಇಟ್ಟುಕೊಂಡದ್ದೂ ಅದನ್ನೇ. ಬಾಯಿ ತೆರೆದರು. ಆಸ್ಪತ್ರೆಯ ದಿಂಬು ಕಣ್ಣ ಮುಂದೆ ಬಂತು.

"ಅಲ್ಲ ತಂಗಿ," ಎಂದರು. "ಇದು ಸ್ಕೂಲಿನ ಮೋರಿಯದ್ದು. ಅವನದನ್ನ ನಾನೇ ಕಿತ್ತು ಕಸದ ಲಾರಿಗೆ ಹಾಕಿದೆ. ಅವನು ಕೊನೇ ಸಲ ಕೇಳಿದಾಗ್ಲೂ ಸುಳ್ಳು ಹೇಳಿದ್ದೆ. ನೋಡೇ ಇರ್ಲಿಲ್ಲ ನಾನು. ಚೆನ್ನಾಗಿದೆ ಅಂತ ಹೇಳಿ ಕಳಿಸಿಬಿಟ್ಟೆ ಅವನನ್ನ."

ಒಮ್ಮೆ ಹರಿದದ್ದು ನಿಲ್ಲಲಿಲ್ಲ. ಚೌಕ, ಎಣಿಕೆ, ಬಹುಮತ, ಲಾರಿ, ನರ್ಸರಿ, ಚಮಚ, ಎಲ್ಲವನ್ನೂ ಹೇಳಿದರು. ಕಾರ್ಡನ್ನು ಜೇಬಿನಿಂದ ತೆಗೆದು, ಅಪರಾಧಿ ತಾನೇ ಸಾಕ್ಷ್ಯ ಒಪ್ಪಿಸುವಂತೆ ಮುಂದೆ ಹಿಡಿದರು. ಲೈಬ್ರರಿಯಮ್ಮ ತುಟಿ ಕಚ್ಚಿ ಕೇಳುತ್ತಿದ್ದರು. ಎಲೆ ಎಣಿಸಿದ ಕಡೆಗೆ ಬಂದಾಗ ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ಅಲ್ಪವಿರಾಮರು ಇನ್ನೂ ಗಾಬರಿಯಾದರು. ಲೈಬ್ರರಿಯಮ್ಮ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ತಡೆಯಲಾಗದೆ, ನಗತೊಡಗಿದರು. ನಾಲ್ಕು ತಿಂಗಳು ಒಳಗೆ ಕಟ್ಟಿಟ್ಟಿದ್ದ ನಗು. ಕಣ್ಣಲ್ಲಿ ನೀರು ಬಂದ ಮೇಲೂ ಮುಗಿಯಲಿಲ್ಲ.

"ನಾನು ಬಂದದ್ದು ಬರೀ ಗಿಡಕ್ಕಲ್ಲ ಅಣ್ಣ," ಎಂದರು ಕೊನೆಗೆ. "ಅವರು ಒಪ್ಪಿಸಿಹೋದ ಕೆಲಸ ಒಂದಿತ್ತು. ನಾನಿರುವಾಗ ಹೇಳಬೇಡ, ಅಲ್ಪವಿರಾಮ ನನ್ನ ಕೊಂದೇ ಹಾಕ್ತಾನೆ. ಹೋದ ಮೇಲೆ ಹೇಳು ಅಂದಿದ್ರು."

ಅವರು ಹೇಳಿದ್ದು ಇಷ್ಟು. ನಿವೃತ್ತಿಯ ದಿನ ಮೇಷ್ಟ್ರು ಉಡುಗೊರೆ ತರುವುದನ್ನೇ ಮರೆತಿದ್ದರು. ನೆನಪಾದದ್ದು ಅಲ್ಪವಿರಾಮರ ಮನೆಯ ಮುಂದೆ ಬಂದು ನಿಂತಾಗ. ಮುಂಬಾಗಿಲು ತಟ್ಟದೆ ಸುತ್ತಿಕೊಂಡು ಹಿತ್ತಲಿಗೆ ಬಂದರು, ನಲ್ಲಿಯ ಪಕ್ಕ ಬೆಳೆದಿದ್ದ ಕಳೆಯನ್ನು ಒಂದು ಹಿಡಿ ಕಿತ್ತು ಮನೆಗೆ ಓಡಿದರು, ಒಡೆದ ಕಪ್ಪಿಗೆ ತುಂಬಿದರು. ಹತ್ತು ನಿಮಿಷದಲ್ಲಿ ಕಾರ್ಡು ಬರೆದರು. ಆ ಹಿಡಿಯಲ್ಲಿ ಮೂರೂ ಜಾತಿ ಇದ್ದವು. ಗರಗಸದಂಚು ಬಿಡಿಸಲು ಚೆಂದ ಎಂದು ಅದೊಂದನ್ನು ಆರಿಸಿಕೊಂಡರು. ನಲ್ಲಿಯ ಪಕ್ಕದ್ದನ್ನು ಕಿತ್ತೆಸೆಯುತ್ತ, ಅದನ್ನೇ ಕಿಟಕಿಯ ಕೆಳಗೆ ನೀರೆರೆದು ಸಾಕುವ ಗೆಳೆಯನನ್ನು ನೋಡಲೆಂದೇ ಪ್ರತಿ ಭಾನುವಾರ ಬರುತ್ತಿದ್ದರು. ಕರವಸ್ತ್ರದ ಕೆಮ್ಮು ಕೆಮ್ಮಾಗಿರಲಿಲ್ಲ.

ಅಲ್ಪವಿರಾಮರು ಗೋಡೆ ಹಿಡಿದುಕೊಂಡರು. ಅಷ್ಟು ರಾತ್ರಿ ನಿದ್ದೆ ಕೆಡಿಸಿದ ಕೆಮ್ಮು ನಗುವಾಗಿತ್ತು.

"ಆಸ್ಪತ್ರೆಯಲ್ಲಿ ಕೇಳಿದ್ರಲ್ಲಾ, ಗಿಡ ಹೇಗಿದೆ ಅಂತ," ಲೈಬ್ರರಿಯಮ್ಮ ಮುಂದುವರಿಸಿದರು. "ನೀವು ಆಚೆ ಹೋದ ಮೇಲೆ ನನ್ನ ಕೈ ಹಿಡ್ಕೊಂಡು ನಕ್ರು. 'ಇನ್ನೂ ಓದಿಲ್ಲ ಅವನು' ಅಂದ್ರು."

"ಏನು ಓದಿಲ್ಲ?"

"ಕಾರ್ಡು. ನೀವು ಆವತ್ತೇ ತಿರುಗಿಸಿ ನೋಡ್ತೀರಾ, ಅಟ್ಟಿಸಿಕೊಂಡು ಬರ್ತೀರಾ ಅಂತ ಕಾದಿದ್ರು ಪಾಪ. ಎರಡು ವರ್ಷ ಕಾದ್ರು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಅಲ್ಪವಿರಾಮರು ಕೈಯಲ್ಲಿದ್ದ ಕಾರ್ಡನ್ನು ನೋಡಿದರು. ಹದಿನಾಲ್ಕು ಹಲ್ಲು ಎರಡು ಸಲ ಎಣಿಸಿದ ಕಾರ್ಡು. ಮೂವತ್ತೊಂದು ವರ್ಷ ಊರಿಗೆಲ್ಲ ಹೇಳಿಕೊಟ್ಟದ್ದನ್ನು ತಾವು ಮಾಡದೇ ಉಳಿಸಿಕೊಂಡ ಕಾರ್ಡು. ಹೆಬ್ಬೆರಳಿನಿಂದ ಅದನ್ನು ತಿರುಗಿಸಿದರು. ಹಿಂಬದಿಯಲ್ಲಿ, ಸಣ್ಣಗೆ, ಅಚ್ಚುಕಟ್ಟಾಗಿ, ಮುದ್ರಣಾಲಯದ ಭಾಷೆಯಲ್ಲೇ ಬರೆದಿತ್ತು:

'ಇದು ಕರಡು ಮಾತ್ರ. ಅಸಲು ಪ್ರತಿ ನಿನ್ನದೇ ನಲ್ಲಿಯ ಪಕ್ಕದಲ್ಲಿದೆ. ಹೋಲಿಸಿ ನೋಡಿ ಸಹಿ ಹಾಕತಕ್ಕದ್ದು.'

ಹೆಂಡತಿ ಮೂರು ಲೋಟ ಟೀ ತಂದು ಕಲ್ಲಿನ ಮೇಲಿಟ್ಟು, ಕುಂಡ ಎತ್ತಿಕೊಂಡು, ಕಿಟಕಿಯ ಕೆಳಗೆ ಬಗ್ಗಿದರು. ಒಂದು ಹಿಡಿ ಹತ್ತಿ, ಒಂದು ಹಿಡಿ ಮಖಮಲ್ಲು ತುಂಬಿದರು. ಕೊಡೆಯದ್ದು ಎಲ್ಲೂ ಉಳಿದಿರಲಿಲ್ಲವೆಂದುಕೊಂಡರೆ, ನಲ್ಲಿಯ ಬುಡದ ಬಿರುಕಿನಲ್ಲಿ ಒಂದೇ ಒಂದು ಎಲೆ, ಅಲ್ಪವಿರಾಮರ ಕಣ್ಣು ತಪ್ಪಿಸಿ ಬದುಕಿಕೊಂಡು, ತನ್ನ ಪಾಡಿಗೆ ಬಿಚ್ಚಿ ನಿಂತಿತ್ತು. ಅದನ್ನೂ ಬೇರುಸಹಿತ ಬಿಡಿಸಿ ನಡುವೆ ಸಿಕ್ಕಿಸಿದರು.

ಅಲ್ಪವಿರಾಮರು ಒಳಗೆ ಹೋಗಿ ಕೆಂಪು ಪೆನ್ಸಿಲ್ಲು ತಂದರು. ಮೊನೆ ಚೂಪು ಮಾಡಿದರು. ಕಾರ್ಡಿನ ಹಿಂಬದಿಯಲ್ಲಿ, ಮೇಷ್ಟ್ರ ಸಾಲಿನ ಕೆಳಗೆ, 'ನೋಡಿದೆ' ಎಂದು ಬರೆದರು. ಸಹಿ ಹಾಕಿದರು. ಸಹಿಯ ಕೆಳಗೆ, ಮೂವತ್ತೊಂದು ವರ್ಷದ ಪದ್ಧತಿಯಂತೆ, ತಾರೀಕು ನಮೂದಿಸಿದರು. ತಲೆಯೆತ್ತಿ, ಗೆಳೆಯನ ಹೆಂಡತಿಗೆ ಅದನ್ನು ತೋರಿಸಿದರು.

ಲೈಬ್ರರಿಯಮ್ಮ ಕನ್ನಡಕ ಏರಿಸಿ ಓದಿದರು. ಅರ್ಧ ಆಯಸ್ಸು ಪುಸ್ತಕಗಳಿಗೆ ತಾರೀಕಿನ ಮುದ್ರೆ ಒತ್ತಿದ ಕಣ್ಣು ಅದು.

"ಅಣ್ಣ," ಎಂದರು ಮೆಲ್ಲಗೆ, "ಇವತ್ತು ಹನ್ನೆರಡಲ್ಲ. ಹದಿಮೂರು."